ಗುರುಮಠಕಲ್ ಮೀಸಲಾತಿ ಯಾಕ ಹೋಯ್ತು, ಯಾದಗಿರಿ ಜಿಲ್ಲಾದವರಿಗೆ ಕಲಬುರಗಿ ಎಂಪಿ ಯಾಕ? (ಪ್ರಶ್ನೋತ್ತರ)

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ಮದು ಗುರುಮಠಕಲ್ ಕ್ಷೇತ್ರದಾಗಿನ ಒಂದು ಹಳ್ಳಿ. ಖರ್ಗೆ ಸಾಹೇಬ್ರು 1972ರಿಂದ ನಮ್ಮ ಕಡಿಂದ ಎಂಟು ಸಲ ಗೆದ್ರು, 2008ಕ್ಕ ಒಮ್ಮಿಂದೊಮ್ಮೆಲೆ ಚಿತ್ತಾಪುರಕ್ಕ ಹೋದ್ರು. ಮೀಸಲಾತಿ ಹೋದಮ್ಯಾಲ ಎಸ್‌ಸಿ ಆದವ್ರು ಇಲ್ಲಿ ನಿಲ್ಲಾಕ ಬರಂಗಿಲ್ಲ, ಅದಕ್ಕ ಹೋದ್ರು ಅಂತಾರ ನಮ್ಮೂರಾಗ. ಖರೆ ಏನ್ರಿ? ಮೀಸಲಾತಿ ತೆಗೆದವ್ರು ಯಾರು?

ಉತ್ತರ: ನಮಸ್ಕಾರ. ನಾನು ಚುನಾವಣಾ ಶಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಈ ಪ್ರಶ್ನೆ ಸರ್ವಿಸಲ್ಲಿದ್ದಾಗಲೂ ಬಹಳ ಜನ ಕೇಳೋರು, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಪೂರ್ತಿ ಬರೀತೀನಿ.

ಮೊದಲು ನಿಮ್ಮೂರಿನ ಮಾತು. ಅದು ತಪ್ಪು. ಮೀಸಲು ಕ್ಷೇತ್ರದಲ್ಲಿ ಆ ವರ್ಗದವರು ಮಾತ್ರ ನಿಲ್ಲಬಹುದು, ಆದ್ರೆ ಜನರಲ್ ಕ್ಷೇತ್ರ ಅಂದ್ರೆ ಎಲ್ಲರಿಗೂ ಮುಕ್ತ, ಎಸ್‌ಸಿ ಎಸ್‌ಟಿಯವರೂ ಸೇರಿ. ರಾಜ್ಯದ ಯಾವುದೇ ಕ್ಷೇತ್ರದ ವೋಟರ್ ಲಿಸ್ಟಲ್ಲಿ ಹೆಸರಿದ್ರೆ, 25 ವರ್ಷ ತುಂಬಿದ್ರೆ, ಗುರುಮಠಕಲ್‌ನಲ್ಲೂ ನಾಮಪತ್ರ ಹಾಕಬಹುದು. ಖರ್ಗೆಯವರು ಅಲ್ಲೇ ನಿಂತಿದ್ರೂ ಕಾನೂನಿನ ಅಡ್ಡಿ ಏನೂ ಇರ್ಲಿಲ್ಲ. ಚಿತ್ತಾಪುರ ಅದೇ ಸಲ ಎಸ್‌ಸಿ ಮೀಸಲು ಆಯ್ತು, ಅಲ್ಲಿ ನಿಂತ್ರು, ಒಂಬತ್ತನೇ ಸಲ ಶಾಸಕರಾದ್ರು. "ಜನರಲ್ ಅಂದ್ರೆ ನಮ್ಮದಲ್ಲ" ಅನ್ನೋ ಭಾವನೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ ಒಳ್ಳೊಳ್ಳೆ ಹುಡುಗರು ಅರ್ಜಿನೇ ಹಾಕಲ್ಲ, ಅದು ನನಗೆ ಬಹಳ ಬೇಜಾರು ತರೋ ವಿಷಯ.

ಇನ್ನು ಮೀಸಲಾತಿ ತೆಗೆದಿದ್ದು ರಾಜ್ಯ ಸರ್ಕಾರನೂ ಅಲ್ಲ, ಯಾವ ಪಕ್ಷನೂ ಅಲ್ಲ. 2002ರ ಕಾಯ್ದೆ ಪ್ರಕಾರ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಬಂತು, 2001ರ ಜನಗಣತಿ ಇಟ್ಕೊಂಡು ಗಡಿ ಹೊಸದಾಗಿ ಹಾಕಿದ್ರು. 2008ರ ಮೇ ತಿಂಗಳ ವಿಧಾನಸಭೆ ಚುನಾವಣೆ ಆ ಹೊಸ ಗಡಿಯಲ್ಲೇ ನಡೀತು. ಎಸ್‌ಸಿ ಸೀಟು ರಾಜ್ಯಕ್ಕೆ ಒಟ್ಟು ಎಷ್ಟು ಅಂತ ಜನಸಂಖ್ಯೆ ಮೇಲೆ ಮೊದಲು ನಿಗದಿ ಆಗುತ್ತೆ, ಅದನ್ನ ಜಿಲ್ಲೆಗಳಿಗೆ ಹಂಚ್ತಾರೆ, ಜಿಲ್ಲೆ ಒಳಗೆ ಯಾವ ಕ್ಷೇತ್ರದಲ್ಲಿ ಎಸ್‌ಸಿ ಜನರ ಪ್ರಮಾಣ ಜಾಸ್ತಿನೋ ಅದಕ್ಕೆ ಕೊಡ್ತಾರೆ. ಗಡಿ ಬದಲಾದ್ರೆ ಒಳಗಿರೋ ಹಳ್ಳಿಗಳೂ ಬದಲಾಗ್ತವೆ, ಪ್ರಮಾಣನೂ ಬದಲಾಗುತ್ತೆ.

ನಿಮ್ಮ ಹಳೆ ಗುಲಬರ್ಗಾ ಜಿಲ್ಲೆನೇ ನೋಡಿ. 2008ಕ್ಕೆ ಮುಂಚೆ ಎಸ್‌ಸಿ ಮೀಸಲು ಇದ್ದಿದ್ದು ಗುರುಮಠಕಲ್, ಕಮಲಾಪುರ, ಶಹಾಬಾದ್. ಕಮಲಾಪುರ ಮತ್ತೆ ಶಹಾಬಾದ್ ಅನ್ನೋ ಕ್ಷೇತ್ರಗಳೇ ಇಲ್ಲವಾದವು, ಊರುಗಳು ಇವೆ, ಕ್ಷೇತ್ರ ಇಲ್ಲ. ಗುಲಬರ್ಗಾ ಗ್ರಾಮೀಣ ಅಂತ ಹೊಸದು ಹುಟ್ಟಿ ಮೀಸಲಾಯ್ತು, ಚಿತ್ತಾಪುರ ಮೀಸಲಾಯ್ತು, ವೀರೇಂದ್ರ ಪಾಟೀಲರು ಗೆದ್ದು ಬರ್ತಿದ್ದ ಚಿಂಚೋಳಿನೂ ಮೀಸಲಾಯ್ತು. ಅಂದ್ರೆ ಆಗ ಮೂರು, ಈಗಲೂ ಮೂರೇ, ಜಾಗ ಬದಲಾಯ್ತು ಅಷ್ಟೆ. ಅದರ ಜೊತೆ ಸುರಪುರ ಎಸ್‌ಟಿಗೆ ಹೋಯ್ತು.

ಪ್ರಶ್ನೆ: ಸುರಪುರದ್ದು ಹೇಳಿದ್ರಿ, ನಮ್ಮ ರಾಜ್ಯದಾಗ ಎಸ್‌ಟಿ ಸೀಟು ಒಮ್ಮೆಲೆ ಹೆಚ್ಚಾದವು ಅಂತಾರಲ್ರಿ ಸರ್, ಹೆಂಗ?

ಉತ್ತರ: ಹೌದು, ಮುಂಚೆ ಇಡೀ ರಾಜ್ಯಕ್ಕೆ ಎಸ್‌ಟಿ ಸೀಟು ಬರೀ 2, ಈಗ 15. ಎಸ್‌ಸಿ 33 ಇದ್ದಿದ್ದು 36. ಮುಖ್ಯ ಕಾರಣ 1991ರಲ್ಲಿ ನಾಯಕ, ಬೇಡ, ಬೇಡರ್, ವಾಲ್ಮೀಕಿ ಅನ್ನೋ ಹೆಸರುಗಳು ಎಸ್‌ಟಿ ಪಟ್ಟಿಗೆ ಸೇರಿದ್ದು. ಪಟ್ಟಿಗೆ ಸೇರಿದ್ರೂ ವಿಧಾನಸಭೆಯಲ್ಲಿ ಲೆಕ್ಕ ಬದಲಾಗೋಕೆ 2008ರ ತನಕ ಕಾಯಬೇಕಾಯ್ತು, ಯಾಕಂದ್ರೆ ಅಲ್ಲಿವರೆಗೆ ಸೀಟು ಹಂಚಿಕೆ 1971ರ ಜನಗಣತಿ ಮೇಲೇ ನಿಂತಿತ್ತು. ಹದಿನೇಳು ವರ್ಷ ಒಂದು ಸಮುದಾಯ ತನಗೆ ಸಲ್ಲಬೇಕಾದ ಸೀಟಿಗೆ ಕಾದಿದೆ, ಇದನ್ನ ಸಣ್ಣ ವಿಷಯ ಅಂತ ನಾನು ಅಂದ್ಕೊಳಲ್ಲ.

ಪ್ರಶ್ನೆ (ಇನ್ನೊಬ್ಬರು): ನಾವು ಯಾದಗಿರಿ ಜಿಲ್ಲಾದವ್ರು, ಡಿಸಿ ಆಫೀಸ್ ಯಾದಗಿರಿ, ಆದ್ರ ಗುರುಮಠಕಲ್‌ಗೆ ಎಂಪಿ ಮಾತ್ರ ಕಲಬುರಗಿಯವ್ರು. ಉಳಿದ ಯಾದಗಿರಿ, ಶಹಾಪುರ, ಸುರಪುರದವ್ರೆಲ್ಲ ರಾಯಚೂರು ಎಂಪಿಗೆ ವೋಟ್ ಹಾಕ್ತಾರ. ಇದೆಂಥಾ ಹಂಚಿಕಿ?

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ ಅಣ್ಣಾ. ಆಯೋಗ ಗಡಿ ಹಾಕೋವಾಗ ಯಾದಗಿರಿ ಜಿಲ್ಲೆ ಹುಟ್ಟೇ ಇರ್ಲಿಲ್ಲ, ಎಲ್ಲ ಗುಲಬರ್ಗಾ ಜಿಲ್ಲೆನೇ. ಜಿಲ್ಲೆ ಆಮೇಲೆ ಆಯ್ತು. ಜಿಲ್ಲೆ ಮಾಡೋದು ರಾಜ್ಯ ಸರ್ಕಾರ, ಕ್ಷೇತ್ರ ಮಾಡೋದು ಆಯೋಗ, ಒಂದು ಬದಲಾದ್ರೆ ಇನ್ನೊಂದು ತಾನಾಗೇ ಬದಲಾಗಲ್ಲ. ಜೊತೆಗೆ ಲೋಕಸಭಾ ಕ್ಷೇತ್ರ ಜಿಲ್ಲೆ ದಾಟಬಹುದು, ಒಂದು ವಿಧಾನಸಭಾ ಕ್ಷೇತ್ರ ಎರಡು ಲೋಕಸಭಾ ಕ್ಷೇತ್ರಕ್ಕೆ ಹಂಚಿಹೋಗಬಾರದು ಅನ್ನೋದೊಂದೇ ಗಟ್ಟಿ ನಿಯಮ. ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ, ಭಾಗಿಸಿದ್ರೆ ಸರಿಯಾಗಿ ಎಂಟೆಂಟು. ಎಂಟರ ಲೆಕ್ಕ ಕೂಡಿಸೋಕೆ ಹೋದಾಗ ಎಲ್ಲೋ ಒಂದು ತಾಲೂಕು ಆ ಕಡೆ ಬೀಳುತ್ತೆ. ಕಡೂರು ಚಿಕ್ಕಮಗಳೂರು ಜಿಲ್ಲೆ, ಎಂಪಿ ಹಾಸನದ್ದು. ಬೈಂದೂರು ಉಡುಪಿ ಜಿಲ್ಲೆ, ಎಂಪಿ ಶಿವಮೊಗ್ಗದ್ದು.

ತೊಂದರೆ ಇರೋದು ಖಂಡಿತ. ದಿಶಾ ಮೀಟಿಂಗ್ (ಕೇಂದ್ರದ ಯೋಜನೆಗಳ ಕೆಲಸ ನೋಡೋ ಜಿಲ್ಲಾ ಸಮಿತಿ ಸಭೆ) ಯಾದಗಿರಿಯಲ್ಲಿ ಆದ್ರೆ ಎರಡು ಎಂಪಿ ಬರಬೇಕು, ಒಂದೇ ತಾಲೂಕಿನ ಕೆಲಸಕ್ಕೆ ದೊಡ್ಡ ಊರಿನ ಎಂಪಿ ಎಷ್ಟು ಸಮಯ ಕೊಡ್ತಾರೆ ಅಂತ ಜನ ಕೇಳೋದು ಸಹಜ.

ಕಲಬುರಗಿ ಸೀಟಿನ ಚರಿತ್ರೆನೂ ದೊಡ್ಡದೇ. 1952ರಲ್ಲಿ ಅದು ಹೈದರಾಬಾದ್ ರಾಜ್ಯದಲ್ಲಿತ್ತು, ಸ್ವಾಮಿ ರಾಮಾನಂದ ತೀರ್ಥರು ಎಂಪಿ ಆದ್ರು. 1980ರಲ್ಲಿ ಧರ್ಮಸಿಂಗ್ ಗೆದ್ದು ಸೀಟು ಬಿಟ್ಟುಕೊಟ್ರು, ಉಪಚುನಾವಣೆಯಲ್ಲಿ ಕೇರಳದ ಸಿ.ಎಂ. ಸ್ಟೀಫನ್ ಬಂದ್ರು. 2008ರ ಪುನರ್ವಿಂಗಡಣೆಯಲ್ಲಿ ಈ ಸೀಟೂ ಎಸ್‌ಸಿ ಮೀಸಲಾಯ್ತು, 2009 ಮತ್ತೆ 2014ರಲ್ಲಿ ಖರ್ಗೆ, 2019ರಲ್ಲಿ ಉಮೇಶ್ ಜಾಧವ್, 2024ರಲ್ಲಿ ರಾಧಾಕೃಷ್ಣ ದೊಡ್ಡಮನಿ. ಹಂಗಾಗಿ ಗುರುಮಠಕಲ್ ಜನ ಮುಂಚೆ ತಮ್ಮ ಎಂಎಲ್‌ಎ ಆಗಿದ್ದ ಖರ್ಗೆಯವರಿಗೇ 2009ರಲ್ಲಿ ಎಂಪಿ ಅಂತ ವೋಟ್ ಹಾಕಿದ್ರು. ಗುರುಮಠಕಲ್ ಎಂಎಲ್‌ಎ ಸೀಟು ಜನರಲ್ ಆದ್ಮೇಲೆ 2008 ಮತ್ತೆ 2013ರಲ್ಲಿ ಬಾಬುರಾವ್ ಚಿಂಚನಸೂರ್, 2018ರಲ್ಲಿ ನಾಗನಗೌಡ ಕಂದಕೂರ, 2023ರಲ್ಲಿ ಶರಣಗೌಡ ಕಂದಕೂರ.

ಪ್ರಶ್ನೆ: ಇದನ್ನ ಕೋರ್ಟಿಗೆ ಹಾಕಿ ಸರಿಪಡಿಸಾಕ ಬರಂಗಿಲ್ಲೇನ್ರಿ?

ಉತ್ತರ: ಈಗ ಹೋದ್ರೆ ಕೆಲಸ ಆಗೋದು ಬಹಳ ಕಷ್ಟ. ಆಯೋಗದ ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂದ್ರೆ ಅದಕ್ಕೆ ಕಾನೂನಿನ ಬಲ ಇದೆ, ಸಂವಿಧಾನದ 329ನೇ ವಿಧಿ ಅದನ್ನ ಕೋರ್ಟಲ್ಲಿ ಪ್ರಶ್ನಿಸೋಕೆ ಬಿಡಲ್ಲ, 1966ರಲ್ಲೇ ಸುಪ್ರೀಂ ಕೋರ್ಟು ಮೇಘರಾಜ್ ಕೊಠಾರಿ ಕೇಸಲ್ಲಿ ಇದನ್ನ ಎತ್ತಿಹಿಡಿದಿದೆ. 2024ರಲ್ಲಿ ಗುಜರಾತಿನ ಒಂದು ಕೇಸಲ್ಲಿ ಆದೇಶ ತೀರಾ ಮನಸೋಇಚ್ಛೆಯಿಂದ ಕೂಡಿದ್ರೆ ಕೋರ್ಟು ನೋಡಬಹುದು ಅಂತ ಸ್ವಲ್ಪ ಬಾಗಿಲು ತೆರೆದಿದೆ, ಆದ್ರೆ ಅನಾನುಕೂಲ ಅನ್ನೋ ಕಾರಣಕ್ಕೆ ಆ ಬಾಗಿಲು ದಾಟೋಕಾಗಲ್ಲ.

ಹಾಗಾಗಿ ಮಾತಾಡಬೇಕಾದ ಹೊತ್ತು ಅಂದ್ರೆ ಕರಡು ಬಂದಾಗ. ಆಯೋಗ ಕರಡು ಪ್ರಸ್ತಾವ ಗೆಜೆಟ್‌ನಲ್ಲಿ, ಪೇಪರ್‌ನಲ್ಲಿ ಪ್ರಕಟಿಸುತ್ತೆ, ಆಕ್ಷೇಪಣೆಗೆ ಕೊನೇ ದಿನಾಂಕ ಕೊಡುತ್ತೆ, ಬಹಿರಂಗ ಸಭೆ ಮಾಡುತ್ತೆ. ರಾಜ್ಯದಿಂದ ಐದು ಎಂಪಿ, ಐದು ಎಂಎಲ್‌ಎ ಸಹ ಸದಸ್ಯರಾಗಿ ಕೂತಿರ್ತಾರೆ, ಆದ್ರೆ ಅವರಿಗೆ ವೋಟೂ ಇಲ್ಲ, ಸಹಿ ಹಾಕೋ ಹಕ್ಕೂ ಇಲ್ಲ. ಅವರ ಮೇಲೆ ಪೂರ್ತಿ ಭರವಸೆ ಇಟ್ಟು ಕೂರಬೇಡಿ, ಊರಿನವರೇ ಬರೀರಿ.

ಪ್ರಶ್ನೆ: ಹಂಗಾದ್ರ ಮುಂದಿಂದು ಯಾವಾಗ, ಅರ್ಜಿ ಒಳಗ ಏನು ಬರೀಬೇಕ್ರಿ?

ಉತ್ತರ: 1976ರಲ್ಲಿ ಸೀಟಿನ ಸಂಖ್ಯೆ ತಡೆಹಿಡಿದ್ರು, 2001ರ 84ನೇ ತಿದ್ದುಪಡಿ ಆ ತಡೆಯನ್ನ 2026ರ ನಂತರದ ಮೊದಲ ಜನಗಣತಿ ತನಕ ಮುಂದಕ್ಕೆ ಹಾಕಿತು. 2023ರ ಮಹಿಳಾ ಮೀಸಲಾತಿ ತಿದ್ದುಪಡಿನೂ ಪುನರ್ವಿಂಗಡಣೆಗೇ ಗಂಟುಬಿದ್ದಿದೆ. ಹಂಗಾಗಿ ಈಗಿಂದಲೇ ತಯಾರಿ ಮಾಡ್ಕೊಳಿ.

ಅರ್ಜಿಯಲ್ಲಿ "ನಮಗೆ ಅನ್ಯಾಯ ಆಗಿದೆ" ಅಂತ ಮಾತ್ರ ಬರೆದ್ರೆ ಫೈಲಲ್ಲಿ ಉಳಿಯುತ್ತೆ. ಕಾಯ್ದೆ ನಾಲ್ಕು ವಿಷಯ ನೋಡು ಅಂತ ಹೇಳುತ್ತೆ: ಭೌಗೋಳಿಕ ಲಕ್ಷಣ, ಈಗಿರೋ ಆಡಳಿತ ಗಡಿ, ಸಂಪರ್ಕ ಸೌಲಭ್ಯ, ಜನರ ಅನುಕೂಲ. ನಿಮ್ಮದರಲ್ಲಿ ಆಡಳಿತ ಗಡಿನೇ ದೊಡ್ಡ ಅಸ್ತ್ರ, ಈಗ ಜಿಲ್ಲೆ ಯಾದಗಿರಿ ಆಗಿದೆಯಲ್ಲ. ಹಳ್ಳಿಗಳ ಪಟ್ಟಿ ಹೋಬಳಿವಾರು ಮಾಡಿ, ಜನಗಣತಿಯ ಜನಸಂಖ್ಯೆ ಪಕ್ಕದಲ್ಲಿ ಬರೀರಿ, ಎಸ್‌ಸಿ ಎಸ್‌ಟಿ ಸಂಖ್ಯೆ ಬೇರೆ ಕಾಲಂನಲ್ಲಿ ಹಾಕಿ, ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಸ್ ಹೋಗೋ ದಾರಿ ತೋರಿಸಿ ಒಂದು ನಕ್ಷೆ ಇಡಿ. ನಿಮ್ಮನ್ನ ತೆಗೆದ್ರೆ ಕಲಬುರಗಿಗೆ ಏಳೇ ಕ್ಷೇತ್ರ ಉಳೀತವೆ, ಆ ಜಾಗಕ್ಕೆ ಯಾವುದು ಬರಬೇಕು ಅನ್ನೋದನ್ನೂ ನೀವೇ ಸೂಚಿಸಿ, ಅದಿಲ್ಲದ ಅರ್ಜಿನ ಪಕ್ಕಕ್ಕಿಡೋದು ಸುಲಭ. ಗ್ರಾಮ ಪಂಚಾಯ್ತಿ ನಡಾವಳಿ ಲಗತ್ತಿಸಿ, ಕೊನೇ ದಿನಾಂಕದ ಒಳಗೆ ಕೊಟ್ಟು ಸ್ವೀಕೃತಿ ಪಡ್ಕೊಳಿ. ಪಟ್ಟಿ ಮಾಡೋವಾಗ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.