ದುಬೈನಲ್ಲಿ ಕೂತು ಬೆಂಗಳೂರಿನ ಕೆಲಸ: ಖರ್ಚು, ಬಾಡಿಗೆ, ತೆರಿಗೆ ಬಗ್ಗೆ ಸಿಎ ಮೇಡಂನ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಿಎ ಮೇಡಂ ಇವತ್ತು ರಾತ್ರಿ ಹತ್ತರವರೆಗೆ ಇರುತ್ತಾರೆ. ಲ್ಯಾಪ್‌ಟಾಪ್ ಹಿಡಿದು ದುಬೈಗೆ ಹೋದವರು, ಹೊರಟವರು ಕೇಳಿ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಕರಾಮಾ ಹುಡುಗ: ಮೇಡಂ, ಒಬ್ಬನೇ ಇರೋಕೆ ತಿಂಗಳಿಗೆ ಎಷ್ಟು ಬೇಕು?

ಸಿಎ: ಎಲ್ಲಿ ಇರುತ್ತೀರಿ ಅನ್ನೋದರ ಮೇಲೆ. ಕರಾಮಾದಲ್ಲಿ ಬೆಡ್ ಸ್ಪೇಸ್ ಅಗ್ಗ, ನಿಜ. ಆದರೆ ಬೆಂಗಳೂರಿನ ಒಂಬತ್ತೂವರೆ ಅಂದರೆ ನಿಮಗೆ ಬೆಳಿಗ್ಗೆ ಎಂಟು. ಪಕ್ಕದ ಮಂಚದಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವನ ತಲೆ ಹತ್ತಿರ ಕೂತು ಮೀಟಿಂಗ್ ಮಾಡುತ್ತೀರಾ? ಬಾಗಿಲು ಹಾಕಿಕೊಳ್ಳೋ ಜಾಗ ಬೇಕು. ಲೆಕ್ಕ ಅಲ್ಲಿಂದ ಶುರು.

ಬೆಕ್ಕಿನಮ್ಮ: ನನ್ನ ಬೆಕ್ಕನ್ನೂ ಕರ್ಕೊಂಡು ಹೋಗಬೇಕು. ಎಷ್ಟು ಖರ್ಚಾಗುತ್ತೆ?

ನಹ್ದಾ ನಿವಾಸಿ: ಮೇಡಂ, ನಂದು ಸ್ವಲ್ಪ ಉದ್ದ ಇದೆ. ಬೆಂಗಳೂರಿನ ಕಂಪನಿ, ತಿಂಗಳಿಗೆ 3.4 ಲಕ್ಷ, ಹಳೇ ಉಳಿತಾಯ ಖಾತೆಗೇ ಬೀಳುತ್ತೆ. ಒಂದು ವರ್ಷದ ರಿಮೋಟ್ ವರ್ಕ್ ವೀಸಾ ಮೇಲೆ 2025ರ ಅಕ್ಟೋಬರ್ 12ಕ್ಕೆ ಬಂದೆ. ಸ್ಟುಡಿಯೋ (ಒಂದೇ ಕೋಣೆಯ ಮನೆ) ಬಾಡಿಗೆ ವರ್ಷಕ್ಕೆ 48,000 ದಿರ್ಹಾಮ್, ನಾಲ್ಕು ಚೆಕ್‌ನಲ್ಲಿ ಕಟ್ಟಬೇಕು. ಬಂದ ತಿಂಗಳೇ ಕೈ ಖಾಲಿ ಆಯ್ತು. ದುಬೈನಲ್ಲಿ ಇದ್ದರೆ ತೆರಿಗೆ ಇಲ್ಲ ಅಂತಾರಲ್ಲ, ಕಂಪನಿಗೆ ಹೇಳಿ ಟಿಡಿಎಸ್ (ಸಂಬಳದಲ್ಲೇ ಹಿಡಿಯೋ ತೆರಿಗೆ) ನಿಲ್ಲಿಸಿ ಆ ದುಡ್ಡನ್ನು ಎರಡನೇ ಚೆಕ್‌ಗೆ ಸೇರಿಸೋಣ ಅಂತಿದ್ದೀನಿ. ಸರಿನಾ?

ಸಿಎ: ಸ್ವಲ್ಪ ನಿಲ್ಲಿ ತಾಯಿ. ಕಂಪನಿಗೆ ಇನ್ನೂ ಮೇಲ್ ಹಾಕಿಲ್ಲ ತಾನೆ? ಹಾಕಬೇಡಿ.

ಏಪ್ರಿಲ್ 1ರಿಂದ ಸೆಪ್ಟೆಂಬರ್ 30ಕ್ಕೆ 183 ದಿನ. ಮೇಲೆ ಅಕ್ಟೋಬರಿನ 12. ಒಟ್ಟು 195 ದಿನ ಭಾರತದಲ್ಲೇ ಇದ್ದಿರಿ. 182 ಆದರೆ ಆ ವರ್ಷಕ್ಕೆ ನೀವು ಭಾರತದ ನಿವಾಸಿ, ಆಮೇಲೆ ದುಬೈಗೆ ಹೋಗಿ ಚಂದ್ರಲೋಕಕ್ಕೆ ಹೋಗಿ. ಇಡೀ ವರ್ಷದ ಆದಾಯ, ಎಲ್ಲೇ ಬಂದಿರಲಿ, ಇಲ್ಲಿ ಲೆಕ್ಕಕ್ಕೆ ಬರುತ್ತೆ. ಸೆಪ್ಟೆಂಬರ್ 28ಕ್ಕೆ ಹೊರಟಿದ್ದರೆ ಕೂತು ಮಾತಾಡೋಕೆ ಏನಾದರೂ ಇರುತ್ತಿತ್ತು. ವಿಮಾನದ ಟಿಕೆಟ್ ಅಗ್ಗ ಅಂತ ಕಾದಿರಿ ಅನ್ಸುತ್ತೆ.

ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ ನಿಮ್ಮ ತೆರಿಗೆ ಸುಮಾರು 8.13 ಲಕ್ಷ, ತಿಂಗಳಿಗೆ 68,000 ಹತ್ತಿರ. ಅದು ನಿಮ್ಮ ದುಡ್ಡಲ್ಲ. ಈಗ ಚೆಕ್‌ಗೆ ಕಟ್ಟಿದರೆ ಜುಲೈನಲ್ಲಿ ಬಡ್ಡಿ ಸಮೇತ ಕೇಳುತ್ತಾರೆ.

ಮುಂದಿನ ವರ್ಷ ನೀವು ಎನ್ನಾರೈ ಆದರೂ, ಸಂಬಳ ನೇರ ಭಾರತದ ಖಾತೆಗೆ ಬಿದ್ದರೆ ಅದು ಭಾರತದಲ್ಲಿ ಕೈಸೇರಿದ ಆದಾಯ, ಇಲ್ಲಿ ತೆರಿಗೆ ಬೀಳುತ್ತೆ. ಎರಡು ದೇಶದ ಒಪ್ಪಂದದ ಮೇಲೆ ವಿನಾಯಿತಿ ಕೇಳಬಹುದು, ಆದರೆ ಅದಕ್ಕೆ ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲಿದ್ದು, ಅಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ ತರಬೇಕು. ಹಳೇ ಖಾತೆಯನ್ನೂ ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ, ಅಂದರೆ ಎನ್ನಾರೈಗಳ ರೂಪಾಯಿ ಖಾತೆ, ಮಾಡಿಸಿ.

ಇನ್ನು ಕೈ ಯಾಕೆ ಖಾಲಿ ಆಯ್ತು ನೋಡಿ. ಮೊದಲ ಚೆಕ್ 12,000, ಠೇವಣಿ ಐದು ಪರ್ಸೆಂಟ್ 2,400, ಏಜೆಂಟ್‌ಗೆ ಇನ್ನೊಂದು 2,400, ಕರೆಂಟು-ನೀರಿನ ದೇವಾ ಠೇವಣಿ 2,000. ಬೀಗದ ಕೈ ಸಿಗೋಕೆ ಮುಂಚೆ 18,800 ದಿರ್ಹಾಮ್. ಮಂಚ, ಪಾತ್ರೆ ಬೇರೆ. ಬಾಡಿಗೆಯ ಐದು ಪರ್ಸೆಂಟ್ ಹೌಸಿಂಗ್ ಫೀ ಅಂತ ದೇವಾ ಬಿಲ್‌ನಲ್ಲೇ ತಿಂಗಳಿಗೆ 200 ಸೇರಿ ಬರುತ್ತೆ, ಅದನ್ನು ಕರೆಂಟು ಅಂದುಕೊಂಡು ಲೈಟ್ ಆರಿಸಿಕೊಂಡು ಕೂತವರನ್ನೂ ನೋಡಿದ್ದೀನಿ.

ಮತ್ತೊಂದು ಮಾತು. ದಿರ್ಹಾಮ್ ಡಾಲರ್‌ಗೆ 3.6725ಕ್ಕೆ ಕಟ್ಟಿ ಹಾಕಿದೆ. ನಿಮ್ಮ ಸಂಬಳ ರೂಪಾಯಿ. ಡಾಲರ್ ಒಂದು ರೂಪಾಯಿ ಏರಿದರೆ ನಿಮ್ಮ ಬಾಡಿಗೆಯೊಂದೇ ತಿಂಗಳಿಗೆ 1,090 ರೂಪಾಯಿ ಏರಿದ ಹಾಗೆ, ಮಾಲೀಕ ಬಾಯಿ ಬಿಡದೆ. ತರಕಾರಿಯಲ್ಲಿ ಉಳಿಸಿ ಇದನ್ನು ತುಂಬೋಕೆ ಆಗಲ್ಲ. ಆ ವೀಸಾಕ್ಕೆ ತಿಂಗಳಿಗೆ 3,500 ಡಾಲರ್ ಆದಾಯ ತೋರಿಸಬೇಕು, ರೂಪಾಯಿ ಜಾರಿದರೆ ನವೀಕರಣದ ಹೊತ್ತಿಗೆ ಅದೂ ತಲೆನೋವು.

ಬರ್ ದುಬೈ ಅಣ್ಣ: ಫಾರ್ವರ್ಡ್ ಬಂದಿದ್ದು: "182 ದಿನ ಹೊರಗಿದ್ದರೆ ಸಾಕು, ತೆರಿಗೆ ಸೊನ್ನೆ, ರಿಟರ್ನ್ ಬೇಡ. ಹಣ ಕಳಿಸೋಕೆ ನಮ್ಮ ಹುಡುಗನ ಹತ್ತಿರ ಬ್ಯಾಂಕಿಗಿಂತ ಒಳ್ಳೆ ರೇಟು." ಎಲ್ಲರಿಗೂ ತಲುಪಿಸಿ 🙏

ಸಿಎ: ಎಣಿಸಬೇಕಾದ್ದು ಒಳಗಿದ್ದ ದಿನ, ಹೊರಗಿದ್ದ ದಿನ ಅಲ್ಲ. ಇನ್ನು ಆ ಹುಡುಗನ ವ್ಯಾಪಾರಕ್ಕೆ ಹವಾಲಾ ಅಂತ ಹೆಸರು. ಸಿಕ್ಕಿಬಿದ್ದರೆ ವಿದೇಶಿ ವಿನಿಮಯ ಕಾಯ್ದೆ ಫೆಮಾ ಪ್ರಕಾರ ಮೊತ್ತದ ಮೂರು ಪಟ್ಟುವರೆಗೆ ದಂಡ. ದಂಡ ಕಟ್ಟೋದು ನೀವು, ಹುಡುಗ ಅಲ್ಲ.

ಬರ್ ದುಬೈ ಅಣ್ಣ: ನಾನು ಸುಮ್ನೆ ಹಂಚಿಕೊಂಡೆ ಅಷ್ಟೆ.

ಪೀಣ್ಯ ಟು ದುಬೈ: ತಿಂಗಳಿಗೆ ಎಷ್ಟು ಬೇಕು ಮೇಡಂ?

ಸಿಎ: ಮೇಲೆ ಓದಿ.

ಪೀಣ್ಯ ಟು ದುಬೈ: ಜಾಹೀರಾತಲ್ಲಿ ಚಿಲ್ಲರ್ ಫ್ರೀ ಅಂತ ಇದೆ, ಏನದು?

ಸಿಎ: ಎಸಿಯ ತಂಪಿಗೆ ಬೇರೆ ಬಿಲ್ ಇಲ್ಲ ಅಂತ. ಚಿಲ್ಲರ್ ಅಂದರೆ ಚಿಲ್ಲರೆ ಅಲ್ಲ, ಜುಲೈನಲ್ಲಿ ಗೊತ್ತಾಗುತ್ತೆ. ಹಗಲೆಲ್ಲ ಮನೆಯಲ್ಲೇ ಕೂರೋರು ಅದನ್ನೇ ಮೊದಲು ನೋಡಿ.

ಉಡುಪಿ ಮಾಣಿ: ಎಂತ ಮಾರ್ರೆ, ಶಾರ್ಜಾಕ್ಕೆ ಹೋಗಿ. ಬಾಡಿಗೆ ಎಷ್ಟೋ ಕಡಿಮೆ.

ಕರಾಮಾ ಹುಡುಗ: ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್‌ನಲ್ಲಿ ಅರ್ಧ ಆಯಸ್ಸು ಹೋಗುತ್ತೆ.

ಉಡುಪಿ ಮಾಣಿ: ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಎಂತ ಟ್ರಾಫಿಕ್? ಅಲ್ ನಹ್ದಾ ಎರಡು ಕಡೆಯೂ ಉಂಟು, ರಸ್ತೆ ದಾಟಿದರೆ ಶಾರ್ಜಾ. ನೀವು ಬೆಂಗಳೂರಿನವರು ಕೇಳಿದಷ್ಟು ಕೊಟ್ಟು ಕೊಟ್ಟೇ ಬಾಡಿಗೆ ಏರಿದ್ದು.

ಕರಾಮಾ ಹುಡುಗ: ನಾನು ದಾವಣಗೆರೆಯವನು ಗುರು. ಬೆಡ್ ಸ್ಪೇಸ್‌ನಲ್ಲಿ ಇರೋನು.

ಬರ್ ದುಬೈ ಅಣ್ಣ: ನಾವು ಬಂದಾಗ ಹೀಗೆಲ್ಲ ಇರಲಿಲ್ಲ. ಈಗಿನ ಹುಡುಗರಿಗೆ ಸ್ಟುಡಿಯೋನೇ ಬೇಕು.

ಪೀಣ್ಯ ಟು ದುಬೈ: ಅಣ್ಣ, ನೀವು ಹವಾಲಾ ಹುಡುಗನ ನೋಡಿಕೊಳ್ಳಿ.

ಅಡ್ಮಿನ್: ವೈಯಕ್ತಿಕ ಬೇಡ. ಇನ್ನೊಂದು ಸಲ ಆದರೆ ತೆಗೆದುಹಾಕುತ್ತೇನೆ.

ಶಿರಸಿ ಕಡೆಯವ: ಟೂರಿಸ್ಟ್ ವೀಸಾದಲ್ಲಿ ಬಂದು ಕೆಲಸ ಮಾಡಬಹುದಾ?

ಸಿಎ: ಬೇಡ. ಟೂರಿಸ್ಟ್‌ಗೆ ಎಮಿರೇಟ್ಸ್ ಐಡಿ, ಅಂದರೆ ಅಲ್ಲಿನ ನಿವಾಸಿ ಗುರುತಿನ ಚೀಟಿ, ಸಿಗಲ್ಲ. ಅದಿಲ್ಲದೆ ಬಾಡಿಗೆ ಕಟ್ಟೋಕೆ ಚೆಕ್‌ಬುಕ್ ಯಾರು ಕೊಡುತ್ತಾರೆ?

ಬೆಕ್ಕಿನಮ್ಮ: ಮೇಡಂ, ಬೆಕ್ಕು?

ನಹ್ದಾ ನಿವಾಸಿ: ಎರಡನೇ ಚೆಕ್ ಜನವರಿ 15ಕ್ಕೆ ಇದೆ. 4,000 ದಿರ್ಹಾಮ್ ಕಡಿಮೆ ಬೀಳುತ್ತೆ. ಚೆಕ್ ಬೌನ್ಸ್ ಆದರೆ ಈಗ ಜೈಲಿಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಸಿಎ: ಅದೇ ವಾಟ್ಸಾಪ್ ಅಲ್ವಾ, ತೆರಿಗೆ ಇಲ್ಲ ಅಂದಿದ್ದು. 2022ರ ಜನವರಿಯಿಂದ ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದರೆ ಸಾಮಾನ್ಯವಾಗಿ ಕ್ರಿಮಿನಲ್ ಕೇಸ್ ಇಲ್ಲ, ನಿಜ. ಆದರೆ ಮಾಲೀಕ ಆ ಚೆಕ್ ಹಿಡಿದು ನೇರ ವಸೂಲಿಗೇ ಕೋರ್ಟಿಗೆ ಹೋಗಬಹುದು. ನಾಳೆ ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡಿ. ಮಾಮೂಲಿ ಕಾಲ್ ಮಾಡಿ, ಅಲ್ಲಿ ವಾಟ್ಸಾಪ್ ಕಾಲ್ ಹೋಗಲ್ಲ. ಹತ್ತು ದಿನ ಮುಂದಕ್ಕೆ ಹಾಕಿ ಅಂತ ಕೇಳಿ, ಒಪ್ಪಿದರೆ ಮೇಲ್‌ನಲ್ಲಿ ಬರೆಸಿಕೊಳ್ಳಿ. ಚೆಕ್ ಬ್ಯಾಂಕಿಗೆ ಹಾಕೋ ಮುಂಚೆ ಕೇಳಿದವರಿಗೆ ಹೂಂ ಅಂದವರನ್ನು ನೋಡಿದ್ದೀನಿ, ಆಮೇಲೆ ಕೇಳಿದವರಿಗೆ ಯಾರೂ ಅಂದಿಲ್ಲ.

ಪೀಣ್ಯ ಟು ದುಬೈ: ಮೇಲೆ ಓದಿದೆ ಮೇಡಂ, ಆದ್ರೂ ಒಂದು ಅಂದಾಜು ನಂಬರ್ ಹೇಳಿದ್ರೆ...

ಸಿಎ: ಹತ್ತು ಗಂಟೆ ಆಯ್ತು. ಅಡ್ಮಿನ್, ನಾನು ಹೊರಟೆ.