ರೈಡ್ 1ರಲ್ಲಿ ಡಿಸ್ಕ್ ಹೋದರೂ ಎಚ್ಚರಿಕೆ ಮೇಲ್ ಬಂದಿಲ್ಲ (ಡೆಬಿಯನ್ 12, ಎಂಡಿಎಡಿಎಂ)

ಪ್ರಶ್ನೆ:
4 ಟಿಬಿಯ ಎರಡು ಡಿಸ್ಕ್, ಸಾಫ್ಟ್‌ವೇರ್ ರೈಡ್ 1 (ಎರಡರಲ್ಲೂ ಒಂದೇ ಡೇಟಾ), ಅದನ್ನು ನೋಡಿಕೊಳ್ಳುವುದು ಲಿನಕ್ಸ್‌ನ ಎಂಡಿಎಡಿಎಂ. /ಪ್ರಾಕ್/ಎಂಡಿಸ್ಟ್ಯಾಟ್ ನೋಡಿದರೆ [ಯುಯು] ಬದಲು [ಯು_] ಅಂತಿದೆ (ಒಂದು ಡಿಸ್ಕ್ ಇಲ್ಲ ಎಂದು), ಎಸ್‌ಡಿಬಿ1 ಪಕ್ಕದಲ್ಲಿ (ಎಫ್), ಅಂದರೆ ಅದು ಕೆಟ್ಟಿದೆ. ಎಂಡಿಎಡಿಎಂ ಕಾನ್ಫಿಗ್ ಫೈಲಿನ ಮೇಲ್‌ಆಡ್ರ್ (ಎಚ್ಚರಿಕೆ ಹೋಗುವ ವಿಳಾಸ) ಸಾಲಿನಲ್ಲಿ ರೂಟ್ (ಅಡ್ಮಿನ್ ಖಾತೆ), ಆಮೇಲೆ ನನ್ನ ಜಿಮೇಲ್ ವಿಳಾಸ, ಎರಡೂ ಇವೆ. ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಓಡುತ್ತಿದೆ. ಮೇಲ್ ಯಾಕೆ ಬರಲಿಲ್ಲ?

ಉತ್ತರ 1:
ಮೊದಲು ಬ್ಯಾಕಪ್ ತೆಗೆಯಿರಿ. ಈಗ ಉಳಿದಿರುವುದು ಒಂದೇ ಡಿಸ್ಕ್. ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ನಕಲಿಸುವುದು) ಶುರುವಾದರೆ ಅದನ್ನು ಮೊದಲಿಂದ ಕೊನೆವರೆಗೆ ಓದಿಸುತ್ತದೆ.

ಮೇಲ್‌ಆಡ್ರ್ ಸಾಲಿನಲ್ಲಿ ಒಂದೇ ವಿಳಾಸ ನಡೆಯುತ್ತದೆ. ಎರಡನೆಯದನ್ನು ಎಂಡಿಎಡಿಎಂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಎರರ್ ಕೂಡ ಕೊಡುವುದಿಲ್ಲ. ನಿಮ್ಮ ಎಚ್ಚರಿಕೆ ಬಹುಶಃ /ವಾರ್/ಮೇಲ್ (ಯಂತ್ರದೊಳಗಿನ ಮೇಲ್ ಪೆಟ್ಟಿಗೆ) ಒಳಗೇ ಬಿದ್ದಿದೆ, ತೆರೆದು ನೋಡಿ.

ಆ ಸಾಲಿನಲ್ಲಿ ರೂಟ್ ಮಾತ್ರ ಇರಲಿ. /ಇಟಿಸಿ/ಅಲಿಯಾಸಸ್ ಫೈಲಿನಲ್ಲಿ ರೂಟ್ ಎದುರು ಬೇಕಾದ ವಿಳಾಸಗಳನ್ನೆಲ್ಲ ಅಲ್ಪವಿರಾಮ ಹಾಕಿ ಬರೆದು, ಅದು ಜಾರಿಯಾಗಲು ನ್ಯೂಅಲಿಯಾಸಸ್ ಓಡಿಸಿ. ಮನೆಯ ಕನೆಕ್ಷನ್‌ನಿಂದ ನೇರ ಕಳಿಸಿದ ಮೇಲ್ ಅನ್ನು ಜಿಮೇಲ್ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಪೋಸ್ಟ್‌ಫಿಕ್ಸ್‌ಗೆ ರಿಲೇಹೋಸ್ಟ್ (ಮೇಲನ್ನು ಮುಂದೆ ಸಾಗಿಸುವ ಜಿಮೇಲ್ ಸರ್ವರ್) ಕೊಡಿ: ಪೋರ್ಟ್ 587, ಮಾಮೂಲಿ ಪಾಸ್‌ವರ್ಡ್ ಬದಲು ಗೂಗಲ್ ಖಾತೆಯಲ್ಲಿ ಮಾಡಿಸುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್. ಎಂಡಿಎಡಿಎಂ ಕಾನ್ಫಿಗ್‌ನ ಮೇಲ್‌ಫ್ರಮ್ (ಕಳಿಸುವವರ ವಿಳಾಸ) ಸಾಲಿನಲ್ಲಿ ಅದೇ ಖಾತೆಯ ವಿಳಾಸ ಹಾಕಿ. ಬರೀ ‘ರೂಟ್’ ಹೆಸರಿನಲ್ಲಿ ಹೊರಟ ಮೇಲನ್ನು ಹಲವು ಸರ್ವರ್‌ಗಳು ತಿರಸ್ಕರಿಸುತ್ತವೆ.

ಆಮೇಲೆ ರೂಟ್ ಆಗಿ:
ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಟೆಸ್ಟ್ --ಒನ್‌ಶಾಟ್
ಪ್ರತಿ ಅರೇಗೂ (ರೈಡ್ ಡಿಸ್ಕ್ ಗುಂಪಿಗೂ) ಒಂದೊಂದು ಟೆಸ್ಟ್ ಮೇಲ್ ಬರಬೇಕು.

ಪ್ರಶ್ನೆ ಕೇಳಿದವರು:
ಹೌದು, ಹಳೆಯ ಎಚ್ಚರಿಕೆ ರೂಟ್‌ನ ಪೆಟ್ಟಿಗೆಯಲ್ಲೇ ಇತ್ತು. ಬ್ಯಾಕಪ್ ಆಯಿತು, ಟೆಸ್ಟ್ ಮೇಲ್ ಕೂಡ ಜಿಮೇಲ್‌ಗೆ ಬಂತು. ಇಷ್ಟು ಸಾಕೇ ಸರ್?

ಉತ್ತರ 2:
ಸಾಲದು. ಟೆಸ್ಟ್ ತೋರಿಸುವುದು ಮೇಲ್ ಹೋಗುವ ದಾರಿ ಸರಿಯಿದೆ ಎಂಬುದನ್ನಷ್ಟೇ. ಹಿನ್ನೆಲೆಯಲ್ಲಿ ಕಾವಲು ಕಾಯುವ ಎಂಡಿಮಾನಿಟರ್ ಸರ್ವಿಸ್ ಬೇರೆ; ಅದು ನಿಂತಿದ್ದರೂ ಟೆಸ್ಟ್ ಮೇಲ್ ಬರುತ್ತದೆ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೊಟ್ಟು ಅದು ಓಡುತ್ತಿದೆಯೇ ನೋಡಿ, ಕಾನ್ಫಿಗ್ ಬದಲಿಸಿದ್ದರಿಂದ ರೀಸ್ಟಾರ್ಟ್ ಮಾಡಿ.

ನಿಜವಾದ ಪರೀಕ್ಷೆಯನ್ನು ಅಸಲಿ ಡಿಸ್ಕ್ ಮುಟ್ಟದೆ ಮಾಡಬಹುದು. ಟ್ರಂಕೇಟ್‌ನಿಂದ 100 ಎಂಬಿಯ ಎರಡು ಫೈಲ್ ಮಾಡಿ, ಲೋಸೆಟಪ್ --ಫೈಂಡ್ --ಶೋ ಕೊಟ್ಟು ಲೂಪ್ ಡಿವೈಸ್ (ಡಿಸ್ಕಿನಂತೆ ಬಳಸಬಹುದಾದ ಫೈಲ್) ಆಗಿಸಿ. ಅದು ತೋರಿಸಿದ ಹೆಸರುಗಳನ್ನೇ ಬಳಸಿ. ಲೂಪ್0 ಬೇರೆಯದಕ್ಕೆ ಹೋಗಿರಬಹುದು. ಅವೆರಡರಿಂದ ಎಂಡಿ99 ಎಂಬ ರೈಡ್ 1 ಕಟ್ಟಿ, ಸಿಂಕ್ ಮುಗಿದ ಮೇಲೆ ಒಂದನ್ನು --ಫೇಲ್ ಮಾಡಿ. ಒಂದೆರಡು ನಿಮಿಷದಲ್ಲಿ ‘ಫೇಲ್’ ಮೇಲ್ ಬರದಿದ್ದರೆ ಸರ್ವಿಸ್ ಕೆಲಸ ಮಾಡುತ್ತಿಲ್ಲ. ಮುಗಿದ ಮೇಲೆ ಎಂಡಿ99 ಅನ್ನು --ಸ್ಟಾಪ್ ಮಾಡಿ, ಲೋಸೆಟಪ್ -ಡಿ ಕೊಟ್ಟು ಲೂಪ್‌ಗಳನ್ನು ಬಿಡಿಸಿ.

ಎಂಡಿಮಾನಿಟರ್-ಒನ್‌ಶಾಟ್ ಟೈಮರ್ ಅನ್ನೂ ಎನೇಬಲ್ ಮಾಡಿ. ಡಿಸ್ಕ್ ಬಿದ್ದ ಮೇಲ್ ಒಮ್ಮೆ ಕಣ್ತಪ್ಪಿದರೂ, ಅರೇ ಸರಿಯಾಗುವವರೆಗೆ ಇದು ದಿನಾ ನೆನಪಿಸುತ್ತದೆ. ರೀಬಿಲ್ಡ್ ಮುಗಿದದ್ದಕ್ಕೆ ಮೇಲ್ ಬರುವುದಿಲ್ಲ. ಅದು ಬೇಕಿದ್ದರೆ ಅದೇ ಕಾನ್ಫಿಗ್‌ನ ಪ್ರೋಗ್ರಾಂ ಸಾಲಿನಲ್ಲಿ ಸ್ಕ್ರಿಪ್ಟ್ ಕೊಡಿ.

ಡಿಸ್ಕ್ ಬಿಚ್ಚುವ ಮುನ್ನ ಸ್ಮಾರ್ಟ್‌ಸಿಟಿಎಲ್ -ಐ ಕೊಟ್ಟು ಸೀರಿಯಲ್ ನಂಬರ್ ಬರೆದುಕೊಂಡು, ಡಿಸ್ಕಿನ ಲೇಬಲ್ ಜೊತೆ ಹೋಲಿಸಿ. ಸತ್ತ ಡಿಸ್ಕ್ ಉತ್ತರವೇ ಕೊಡದಿದ್ದರೆ ಬದುಕಿರುವುದರ ನಂಬರ್ ಬರೆದುಕೊಳ್ಳಿ, ಅದನ್ನು ಮುಟ್ಟಬೇಡಿ.