ಅಪ್‌ಡೇಟ್: ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಪೊಲೀಸರನ್ನು ಕರೆಸಿದ ವಿಚಾರ

ಮೈಸೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಗೆ ಪೊಲೀಸರನ್ನು ಕರೆಸಿ, ಲೆಕ್ಕ ಕೇಳುವವರನ್ನು ಸುಮ್ಮನಿರಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ತಿಳಿದದ್ದು ಇಷ್ಟು.

ಗಲಾಟೆಯ ಭಯವಿದ್ದರೆ ಪೊಲೀಸರು ಬರಬಹುದು. ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ತಡೆಯುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 168ನೇ ಕಲಂ ಕೊಡುತ್ತದೆ. ಆದರೆ ನಿರ್ವಹಣಾ ಶುಲ್ಕದ ಲೆಕ್ಕ ಕೇಳುವುದು ಅಪರಾಧವೇ ಅಲ್ಲ. ಯಾರು ಎಷ್ಟು ಹೊತ್ತು ಮಾತಾಡಬೇಕು ಎನ್ನುವುದು ಅಧ್ಯಕ್ಷರ ಮತ್ತು ಬೈಲಾದ ವಿಷಯ, ಕಾನ್‌ಸ್ಟೇಬಲ್‌ರದ್ದಲ್ಲ.

ಪೊಲೀಸರನ್ನು ಕರೆಸಿದ ಅರ್ಜಿಯ ಪ್ರತಿ ಬೇಕಿದ್ದರೆ ಕಮಿಷನರ್ ಕಚೇರಿಗೆ ಮಾಹಿತಿ ಹಕ್ಕಿನಡಿ ಬರೆಯಿರಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 'ಯಾಕೆ ಬಂದಿರಿ' ಎಂದು ಕೇಳಿದರೆ ಪ್ರಯೋಜನವಿಲ್ಲ. ಸಭೆಯ ದಿನಾಂಕ ಹಾಕಿ ಅರ್ಜಿ ಮತ್ತು ಆ ದಿನದ ಸ್ಟೇಷನ್ ಡೈರಿಯ (ಠಾಣೆಯ ದಿನಚರಿ ಪುಸ್ತಕದ) ನಕಲು ಎಂದೇ ಕೇಳಬೇಕು.

ಪ್ರಶ್ನೆಗಳನ್ನು ಸಭೆಗೆ ಮೊದಲೇ ಬರೆದು ಕಾರ್ಯದರ್ಶಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿನ ಆಕ್ಷೇಪ ನಡಾವಳಿ ಪುಸ್ತಕಕ್ಕೆ ಬರುವುದೇ ಇಲ್ಲ, ದೊಡ್ಡ ತೊಡಕು ಇಲ್ಲೇ.

ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ, ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ 25ನೇ ಕಲಂನಡಿ ನೋಂದಣಾಧಿಕಾರಿಯಿಂದ ವಿಚಾರಣೆ ಕೇಳಬಹುದು. 90 ಸದಸ್ಯರಿದ್ದರೆ 30 ಸಹಿ. ಬಾಡಿಗೆದಾರರ ಸಹಿ ಸೇರಿಸಬೇಡಿ; ಸದಸ್ಯರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ, ಅರ್ಜಿ ಅಲ್ಲೇ ಬೀಳುತ್ತದೆ. ನಾಲ್ಕೈದು ಸಹಿ ಹೆಚ್ಚೇ ಇರಲಿ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಸಂಘಗಳಿಗೆ ಈ ದಾರಿ ಇಲ್ಲ, ಹಾಗಾಗಿ ಮೊದಲು ನೋಂದಣಿ ಪತ್ರ ನೋಡಿಕೊಳ್ಳಿ.